ಹೊನ್ನಾವರದ ಪ್ರಶ್ನೆ

ಊಟದ ನಂತರದ ಇತಿಹಾಸ ಕ್ಲಾಸಿನಲ್ಲಿ ಅರ್ಧ ಜನ ತೂಕಡಿಸುತ್ತಿದ್ದೆವು. ಎರಡನೇ ಬಿ.ಎ.ಯಲ್ಲಿದ್ದಾಗ ಒಂದು ದಿನ ಸರ್ ಪಠ್ಯಪುಸ್ತಕ ಮುಚ್ಚಿಟ್ಟು ಇಬ್ನ್ ಬತೂತನ ಪ್ರವಾಸದಿಂದ ಒಂದು ಪುಟ ಓದಿದರು. 14ನೇ ಶತಮಾನದಲ್ಲಿ ಮೊರೊಕ್ಕೊದಿಂದ ಹೊರಟ ಅವನು ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳಿದ್ದವು ಎಂದು ಬರೆದಿದ್ದ. ಹುಡುಗಿಯರ ಸಾಲಿನಲ್ಲಿದ್ದ ನಾವೆಲ್ಲ ನೆಟ್ಟಗೆ ಕೂತೆವು.

ಸರ್ ಮುಂದಕ್ಕೆ ಓದಿದರು. ಹೊನ್ನಾವರದ ಮುಸ್ಲಿಮರು ಶಾಫಿ ಪಂಥದವರು, ಅಂದರೆ ಇಸ್ಲಾಮಿನ ಕಾನೂನಿನಲ್ಲಿ ಶಾಫಿ ಪರಂಪರೆಯನ್ನು ಪಾಲಿಸುವವರು. ಆಫ್ರಿಕಾದ ಕಿಲ್ವಾದಲ್ಲೂ ಶಾಫಿ, ಸುಮಾತ್ರಾದಲ್ಲೂ ಶಾಫಿ. ದೆಹಲಿಯಲ್ಲಿ ಮಾತ್ರ ಹನಫಿ ಎಂಬ ಇನ್ನೊಂದು ಪಂಥ. "ಹೊನ್ನಾವರಕ್ಕೆ ದೆಹಲಿಗಿಂತ ಸುಮಾತ್ರಾ ಹತ್ತಿರವಾದದ್ದು ಹೇಗೆ?" ಎಂದು ಕೇಳಿದರು. ಉತ್ತರ ಹೇಳದೆ ಹಾಜರಿ ಪುಸ್ತಕ ಎತ್ತಿಕೊಂಡು ಹೊರಟೇಹೋದರು.

ಇಪ್ಪತ್ತು ವರ್ಷಗಳಿಂದ ನಾನು ಮಾಡುತ್ತಿರುವ ಕೆಲಸ ಅದೊಂದೇ ಪ್ರಶ್ನೆಯದು.

ಸ್ಥೂಲವಾದ ಉತ್ತರ ಬೇಗ ಸಿಕ್ಕಿತು. ದೆಹಲಿಗೆ ಇಸ್ಲಾಂ ಬಂದದ್ದು ಮಧ್ಯ ಏಷ್ಯಾದಿಂದ, ನೆಲದ ದಾರಿಯಲ್ಲಿ. ಅಲ್ಲಿಯವರು ಹನಫಿಗಳು. ಕರಾವಳಿಗೆ ಬಂದದ್ದು ಯೆಮನ್ ಕಡೆಯ ಹಡಗುಗಳಲ್ಲಿ. ಆದರೆ ಹಡಗಿನಲ್ಲಿ ಕಾನೂನು ಹೇಗೆ ಬರುತ್ತದೆ? ಮೆಣಸಿನ ಮೂಟೆಯ ಹಾಗೆ ಹೇರಿ ತರುವ ವಸ್ತು ಅಲ್ಲ ಅಲ್ವಾ? "ಮೊದಲು ಅರಬಿ ಕಲಿ, ಆಮೇಲೆ ಮಾತಾಡೋಣ" ಎಂದರು ಸರ್. ಕಲಿತೆ. ತುಂಬಾ ಕಷ್ಟವಾಯಿತು.

ಆಮೇಲೆ ಕಣ್ಣಿಗೆ ಬಿದ್ದದ್ದು ಪುಸ್ತಕಗಳ ಒಂದು ಸರಪಳಿ. 13ನೇ ಶತಮಾನದಲ್ಲಿ ಸಿರಿಯಾದ ನವವಿ ಶಾಫಿ ಕಾನೂನಿನ ಪುಸ್ತಕ 'ಮಿನ್‌ಹಾಜ್' ಬರೆದರು. 16ನೇ ಶತಮಾನದಲ್ಲಿ ಮೆಕ್ಕಾದಲ್ಲಿ ಇಬ್ನ್ ಹಜರ್ ಅದಕ್ಕೆ 'ತುಹ್ಫಾ' ಎಂಬ ದೊಡ್ಡ ವ್ಯಾಖ್ಯಾನ ಬರೆದರು. ಅದೇ ಶತಮಾನದಲ್ಲಿ ಮಲಬಾರಿನ ಪೊನ್ನಾನಿಯಲ್ಲಿ ಝೈನುದ್ದೀನ್ ಮಖ್ದೂಮರು 'ಫತ್‌ಹುಲ್ ಮುಈನ್' ಬರೆದರು. ಅದರ ತುಂಬ 'ನಮ್ಮ ಗುರುಗಳು ಹೇಳಿದರು' ಎಂಬ ಮಾತು ಬರುತ್ತದೆ. ಆ ಗುರು ಇಬ್ನ್ ಹಜರ್. ಕೆಲವು ಕಡೆ ಶಿಷ್ಯ ಗುರುವಿನ ಮಾತನ್ನು ಒಪ್ಪುವುದೂ ಇಲ್ಲ! ಮುನ್ನೂರು ವರ್ಷಗಳ ನಂತರ ಮೆಕ್ಕಾದ ವಿದ್ವಾಂಸರು ಪೊನ್ನಾನಿಯ ಈ ಪುಸ್ತಕಕ್ಕೇ ವ್ಯಾಖ್ಯಾನ ಬರೆದರು. ಜಾವಾದವರು ಅದನ್ನು ಊರಿಗೆ ಒಯ್ದರು. ಅರಬ್ ನಾಡು ಹೇಳಿಕೊಟ್ಟಿತು, ನಾವು ಕಲಿತೆವು ಎಂಬ ಕಥೆ ಸಾಲದು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಸಂಶೋಧನೆಗೆ ನೆದರ್ಲೆಂಡ್ಸ್‌ನ ಲೈಡನ್‌ಗೆ ಹೊರಟಾಗ, "ಪೊನ್ನಾನಿ ಪುಸ್ತಕ ಹುಡುಕೋಕೆ ಅಷ್ಟು ದೂರ ಯಾಕೆ?" ಎಂದು ಅಮ್ಮ ಕೇಳಿದ್ದರು. ಡಚ್ಚರು ಇಂಡೋನೇಷ್ಯಾ ಆಳಿದವರು. ಪ್ರಜೆಗಳ ಕಾನೂನು ತಿಳಿಯಬೇಕಿತ್ತು. 1882ರಿಂದ 1884ರವರೆಗೆ ಬಟಾವಿಯಾದಲ್ಲಿ (ಈಗಿನ ಜಕಾರ್ತಾ) 'ಮಿನ್‌ಹಾಜ್' ಅನ್ನು ಫ್ರೆಂಚ್ ಅನುವಾದದ ಜೊತೆ ಅಚ್ಚು ಹಾಕಿಸಿದರು. 1914ರಲ್ಲಿ ಆ ಫ್ರೆಂಚಿನಿಂದ ಇಂಗ್ಲಿಷಿಗೆ ಬಂತು. ಮೂಲದಿಂದ ಎರಡು ಭಾಷೆ ದಾಟಿದ ಪುಸ್ತಕ ನೋಡಿಕೊಂಡು ಜನರ ಆಸ್ತಿ, ಮದುವೆಯ ವಿಷಯ ತಿಳಿಯುವುದೆಂದರೆ ನನಗೆ ಈಗಲೂ ಸಂಕಟವಾಗುತ್ತದೆ.

ಲೈಡನ್‌ನ ಕೈಬರಹದ ಪ್ರತಿಗಳಲ್ಲಿ ನನಗೆ ಜಾಸ್ತಿ ಇಷ್ಟವಾದವು ವಿದ್ಯಾರ್ಥಿಗಳು ಓದಿ ಸವೆಸಿದವು. ನಡುವೆ ಅರಬಿ ಸಾಲು. ಅದರ ಕೆಳಗೆ ಓರೆಯಾಗಿ, ಸಣ್ಣ ಅಕ್ಷರದಲ್ಲಿ ಜಾವಾ ಭಾಷೆಯ ಅರ್ಥ. ಒಂದು ಕಡೆ ಶಾಯಿ ಚೆಲ್ಲಿದೆ. ಇನ್ನೊಂದು ಕಡೆ ಅರ್ಥ ಬರೆಯುವುದು ಅರ್ಧಕ್ಕೇ ನಿಂತಿದೆ.

ಕಳೆದ ಬಾರಿ ಊರಿಗೆ ಬಂದಾಗ ಅಂಥ ಒಂದು ಪುಟದ ಫೋಟೋ ತೆಗೆದುಕೊಂಡು ಸರ್ ಮನೆಗೆ ಹೋದೆ. ನಿವೃತ್ತರಾಗಿ ವರ್ಷಗಳಾಗಿವೆ, ಕಣ್ಣು ಮಂಜಾಗಿದೆ. ಹೊನ್ನಾವರದ ಪ್ರಶ್ನೆಗೆ ಉತ್ತರ ತಂದಿದ್ದೇನೆ ಎಂದು ಹೇಳಿ, ಸರಪಳಿಯನ್ನೆಲ್ಲ ವಿವರಿಸಿದೆ. ಸರ್ ಸುಮ್ನೆ ಕೇಳಿಸಿಕೊಂಡರು. ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು, ಓರೆ ಅಕ್ಷರದ ಮೇಲೆ ಬೆರಳಿಟ್ಟರು.

"ಪುಸ್ತಕ ಬರೆದವರ ಹೆಸರು ಹೇಳಿದೆ. ಈ ಹುಡುಗ ಯಾರು?"