ಕಾರ್ಸ್ಟೆಡ್ ಕ್ಯಾಟಲಿಸ್ಟ್ ಕೆಲಸ: ಆಕ್ಟೀನ್ ಮುಗಿಯಿತು, ಮುಂದೆ ಪಾಲಿಈಥರ್

ಕಾರ್ಸ್ಟೆಡ್ ಎಂಬ ಪ್ಲಾಟಿನಂ ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ಪದಾರ್ಥ) ಬಳಸಿ 1-ಆಕ್ಟೀನ್‌ಗೆ (ತುದಿಯಲ್ಲಿ ಜೋಡಿಬಂಧ ಇರುವ ಎಂಟು ಕಾರ್ಬನ್‌ಗಳ ಸರಪಳಿ) ಹೆಪ್ಟಾಮೀಥೈಲ್‌ಟ್ರೈಸಿಲಾಕ್ಸೇನ್ (ಸಿಲಿಕಾನ್–ಹೈಡ್ರೋಜನ್ ಬಂಧ ಇರುವ ಪುಟ್ಟ ಸಿಲಿಕೋನ್ ಅಣು, ಮುಂದೆ ಸೈಲೇನ್ ಎನ್ನುತ್ತೇನೆ) ಜೋಡಿಸುವ ಕೆಲಸ ಈ ವಾರ ಕೈಗೂಡಿದೆ. ಐಆರ್‌ನಲ್ಲಿ (ಇನ್‌ಫ್ರಾರೆಡ್ ಬೆಳಕಿನ ಪರೀಕ್ಷೆ) 2150 cm⁻¹ ಹತ್ತಿರ ಇದ್ದ ಸಿಲಿಕಾನ್–ಹೈಡ್ರೋಜನ್ ಪೀಕ್ ಪೂರ್ತಿ ಹೋಗಿದೆ. ಎನ್‌ಎಂಆರ್ (ಅಣುವಿನ ರಚನೆ ತೋರಿಸುವ ಪರೀಕ್ಷೆ) ಕೂಡ ಅದನ್ನೇ ಹೇಳುತ್ತಿದೆ. ಸಿಲಿಕಾನ್ ಹೋಗಿ ಕೂತಿರುವುದು ಸರಪಳಿಯ ತುದಿಯ ಕಾರ್ಬನ್ ಮೇಲೆ. ನನಗೆ ಬೇಕಾಗಿದ್ದೂ ಅದೇ.

ಸ್ಪೈಯರ್ ಕ್ಯಾಟಲಿಸ್ಟ್ ಯಾಕೆ ಬೇಡ ಎಂದು ಕೆಲವರು ಕೇಳಿದ್ದರು. 1957ರಲ್ಲಿ ಡೌ ಕಾರ್ನಿಂಗ್‌ನ ಜಾನ್ ಸ್ಪೈಯರ್ ತೋರಿಸಿಕೊಟ್ಟ ದಾರಿ ಅದು: ಐಸೊಪ್ರೊಪನಾಲ್‌ನಲ್ಲಿ ಕರಗಿಸಿದ ಕ್ಲೋರೋಪ್ಲಾಟಿನಿಕ್ ಆಸಿಡ್. ಕೆಲಸ ಮಾಡುತ್ತದೆ, ಆದರೆ ಶುರುವಾಗಲು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಸೈಲೇನ್ ಜಾಸ್ತಿ ಸೇರಿದ್ದರೆ ಶಾಖ ಒಮ್ಮೆಲೇ ಏರುತ್ತದೆ. ಜನರಲ್ ಎಲೆಕ್ಟ್ರಿಕ್‌ನ ಬ್ರೂಸ್ ಕಾರ್ಸ್ಟೆಡ್‌ಗೆ 1973ರಲ್ಲಿ ಪೇಟೆಂಟ್ ಸಿಕ್ಕಿದ ಕ್ಯಾಟಲಿಸ್ಟ್‌ನಲ್ಲಿ ಪ್ಲಾಟಿನಂ ಮೊದಲೇ ಸೊನ್ನೆ ಉತ್ಕರ್ಷಣ ಸ್ಥಿತಿಯಲ್ಲಿ, ಅಂದರೆ ಕೆಲಸಕ್ಕೆ ಸಿದ್ಧವಾಗಿ, ಇರುತ್ತದೆ. ವಿನೈಲ್ ಸಿಲಾಕ್ಸೇನ್ ಅದನ್ನು ಹಿಡಿದುಕೊಂಡಿರುತ್ತದೆ. ಕೆಲವೇ ಪಿಪಿಎಂ (ಹತ್ತು ಲಕ್ಷದಲ್ಲಿ ಕೆಲವು ಪಾಲು) ಸಾಕು.

ತಲೆ ತಿನ್ನುವುದು ಆಕ್ಟೀನ್. ಅದರ ಜೋಡಿಬಂಧ ಪ್ಲಾಟಿನಂ ಹತ್ತಿರ ಬಂದಾಗ ಒಂದು ಪಾಲು ಅಣುಗಳಲ್ಲಿ ಅದು ಸುಮ್ನೆ ಸರಪಳಿಯ ಒಳಕ್ಕೆ ಸರಿದುಬಿಡುತ್ತದೆ. ಒಳಗೆ ಹೋದ ಮೇಲೆ ಸೈಲೇನ್ ಜೊತೆ ಹೆಚ್ಚುಕಡಿಮೆ ಸೇರುವುದೇ ಇಲ್ಲ. ಎನ್‌ಎಂಆರ್‌ನಲ್ಲಿ 5.4ರ ಹತ್ತಿರ ಅದರ ಗುರುತು ಕಾಣುತ್ತದೆ. ಅದಕ್ಕೇ ಆಕ್ಟೀನ್ ಸ್ವಲ್ಪ ಹೆಚ್ಚು ತೆಗೆದುಕೊಂಡು, ಕ್ಯಾಟಲಿಸ್ಟ್ ಹಾಕಿ, ಸೈಲೇನನ್ನು ಹನಿಹನಿಯಾಗಿ ಬಿಡುತ್ತೇನೆ. ಹನಿಯ ವೇಗದಲ್ಲೇ ಶಾಖವೂ ಹಿಡಿತದಲ್ಲಿರುತ್ತದೆ. ಉಳಿದ ಆಕ್ಟೀನ್ ವ್ಯಾಕ್ಯೂಮ್‌ನಲ್ಲಿ ಸುಲಭವಾಗಿ ಹೊರಬರುತ್ತದೆ.

ಇದೇ ಕೆಲಸ ಮಾಡುವವರಿಗೆ ಒಂದು ಮಾತು. ಗಾಜಿನ ಜಾಯಿಂಟ್‌ಗಳಿಗೆ ಸಿಲಿಕೋನ್ ಗ್ರೀಸ್ ಹಚ್ಚಬೇಡಿ, ಟೆಫ್ಲಾನ್ ಸ್ಲೀವ್ ಹಾಕಿ. ಎನ್‌ಎಂಆರ್‌ನಲ್ಲಿ ಗ್ರೀಸ್‌ನ ಪೀಕ್ ನಮ್ಮ ಪದಾರ್ಥದ ಮೀಥೈಲ್ ಪೀಕ್‌ಗಳ ಮಧ್ಯೆಯೇ ಬಂದು ಕೂರುತ್ತದೆ. ಗಂಧಕ ಹಾಕಿ ಮಾಡಿದ ರಬ್ಬರನ್ನೂ ದೂರವಿಡಿ. ಗಂಧಕ, ಅಮೀನ್ ಎರಡೂ ಪ್ಲಾಟಿನಂಗೆ ವಿಷ.

ಮುಂದಿನದು ನನಗೆ ತುಂಬ ಇಷ್ಟದ ಭಾಗ. ಆಕ್ಟೀನ್ ಬದಲು ಅಲೈಲ್ ಪಾಲಿಈಥರ್ (ಒಂದು ತುದಿಯಲ್ಲಿ ಜೋಡಿಬಂಧ ಇರುವ, ನೀರಿಗೆ ಒಗ್ಗುವ ಉದ್ದ ಸರಪಳಿ) ಜೋಡಿಸಿದರೆ, ಔಷಧಿ ಹೊಡೆಯುವಾಗ ಎಲೆ ಮೇಲೆ ನೀರು ಹರಡುವಂತೆ ಬೆರೆಸುವ ಸಿಲಿಕೋನ್ ಸ್ಪ್ರೆಡರ್ ಸಿಗುತ್ತದೆ. ಇನ್ನೊಂದು ತುದಿಯಲ್ಲಿ ಮೀಥೈಲ್ ಇರುವ ಪಾಲಿಈಥರನ್ನೇ ಆರಿಸಿದ್ದೇನೆ. ಅಲ್ಲಿ ಹೈಡ್ರಾಕ್ಸಿಲ್ (OH) ಇದ್ದರೆ ಅದೂ ಸೈಲೇನ್ ಜೊತೆ ಸೇರಿ ಹೈಡ್ರೋಜನ್ ಅನಿಲ ಬಿಡಬಹುದು. ಈ ಸ್ಪ್ರೆಡರ್‌ನ ಟ್ರೈಸಿಲಾಕ್ಸೇನ್ ಭಾಗ ಆಸಿಡ್‌ನಲ್ಲೂ ಕ್ಷಾರದಲ್ಲೂ ನಿಧಾನವಾಗಿ ಒಡೆಯುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಸುಣ್ಣ ಇರುತ್ತದೆ ಅಲ್ವಾ? ಅದರಲ್ಲಿ ಇದು ಎಷ್ಟು ಹೊತ್ತು ಉಳಿಯುತ್ತದೆ ಎಂದು ಮೊದಲು ಅಳೆಯುತ್ತೇನೆ.