ಮಿನುಗುವ ಷೂ

ತುಮಕೂರು, 2025 ಜುಲೈ 12, ಶನಿವಾರ

ಅಮೆರಿಕದಿಂದ ಮಗಳ ಜೊತೆ ರಜೆಗೆ ಬಂದಿರುವ ಮೊಮ್ಮಗ ಪುಟ್ಟನಿಗೆ ಸಂಜೆ ಎಂ.ಜಿ. ರಸ್ತೆಯಲ್ಲಿ ಷೂ ಕೊಡಿಸಿದೆ. ಹೆಜ್ಜೆಯಿಟ್ಟಾಗಲೆಲ್ಲ ಹಿಮ್ಮಡಿಯಲ್ಲಿ ಕೆಂಪು, ನೀಲಿ ದೀಪ ಮಿನುಗುವ ಜೋಡಿಯನ್ನು ಅವನೇ ಆರಿಸಿ, ಅಂಗಡಿಯ ಉದ್ದಕ್ಕೂ ನಾಲ್ಕು ಸಲ ಓಡಿದ. ನಾನು ದುಡ್ಡು ಎಣಿಸುತ್ತಿದ್ದಾಗ ಬಳಿಗೆ ಬಂದು, "ಅಜ್ಜಿ, ಇದನ್ನ ನಿಮ್ಮನೇಲೇ ಇಟ್ಕೊಂಡಿರು, ಸ್ಕೂಲಿಗೆ ಹಾಕ್ಕೊಂಡು ಹೋಗೋ ಹಾಗಿಲ್ಲ" ಎಂದ.

ಯಾಕಪ್ಪ ಎಂದು ಕೇಳಿದ್ದಕ್ಕೆ ಮಗ್ಗಿ ಒಪ್ಪಿಸುವ ಧ್ವನಿಯಲ್ಲಿ ಹೇಳಿದ: "ಲಾಕ್‌ಡೌನ್ ಡ್ರಿಲ್‌ನಲ್ಲಿ ಮಿಸ್ ಬಾಗಿಲು ಹಾಕಿ ಲೈಟ್ ಆರಿಸ್ತಾರೆ. ನಾವೆಲ್ಲ ಮೂಲೇಲಿ ಕೂತ್ಕೋಬೇಕು, ಮಾತಾಡಬಾರದು. ಕಾಲು ಅಲ್ಲಾಡಿದ್ರೆ ಷೂ ಲೈಟ್ ಹತ್ತುತ್ತೆ, ಆಗ ಬಂದೂಕು ಇರೋನಿಗೆ ನಾವು ಕಾಣಿಸ್ತೀವಿ."

ಲಾಕ್‌ಡೌನ್ ಎಂದರೆ ನನಗೆ ಇಂದಿಗೂ 2020ರ ಖಾಲಿ ಬಿ.ಎಚ್. ರಸ್ತೆಯೇ ನೆನಪಾಗುವುದು. ಆರು ವರ್ಷದ ಮಗುವಿಗೆ ಆ ಪದದ ಅರ್ಥ ಬೇರೆ: ಬಂದೂಕು ಹಿಡಿದವನು ಶಾಲೆಗೆ ನುಗ್ಗಿದರೆ ಅಡಗಿ ಕೂರುವ ಅಭ್ಯಾಸ.

ರಾತ್ರಿ ಹುರುಳಿಕಾಯಿ ಸೋಸುತ್ತ ಮಗಳನ್ನು ಕೇಳಿದೆ. ಅವಳು ತಲೆ ಎತ್ತದೆಯೇ, "ನಾನು ಹೆದರ್ಕೊಂಡು ಬದುಕ್ತಿಲ್ಲಮ್ಮ. ಆದ್ರೆ ಎಲ್ಲಿಗೆ ಹೋದ್ರೂ ಹೊರಗೋಗೋ ಬಾಗಿಲು ಎಲ್ಲಿದೆ ಅಂತ ಕಣ್ಣು ಹುಡುಕುತ್ತೆ. ಮೊನ್ನೆ ಸಿದ್ಧಗಂಗೇಲಿ ದಾಸೋಹಕ್ಕೆ ಕೂತಿದ್ವಲ್ಲ, ಅಷ್ಟು ಜನರ ಮಧ್ಯೆ ಬಾಗಿಲಿಗೆ ಬೆನ್ನು ಹಾಕಿ ಕೂತಿದೀನಿ ಅನ್ನೋದು ಊಟ ಮುಗಿದ್ಮೇಲೆ ಗೊತ್ತಾಯ್ತು" ಎಂದಳು. ನನ್ನ ಮಗಳು ನಿಶ್ಚಿಂತೆಯಿಂದ ಉಂಡದ್ದೇ ಹೇಳಿಕೊಳ್ಳುವಂಥ ಸಂಗತಿಯಾಯಿತಲ್ಲ ಎಂದು ಸಂಕಟವಾಯಿತು.

ನಮ್ಮಲ್ಲಿ ಭಯವೇ ಇಲ್ಲವೆಂದೇನೂ ಅಲ್ಲ. 2015ರಲ್ಲಿ ಧಾರವಾಡದಲ್ಲಿ ಕಲಬುರ್ಗಿಯವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಅವರವರ ಮನೆಯ ಬಾಗಿಲಲ್ಲೇ ಗುಂಡಿಕ್ಕಿ ಕೊಂದಾಗ ಎಷ್ಟೋ ರಾತ್ರಿ ನಿದ್ದೆ ಬಂದಿರಲಿಲ್ಲ. ಆದರೆ ಅಲ್ಲಿ ಕೊಂದವರು ಗುರುತಿಟ್ಟು ಬಂದವರು. ಯಾರ ತಂಟೆಗೂ ಹೋಗದ ಮಗು ತರಗತಿಯಲ್ಲಿ ಕಾಲು ಅಲ್ಲಾಡಿಸದೆ ಕೂರಲು ಕಲಿಯಬೇಕಾದ ಭಯ ನನಗೆ ತಿಳಿಯದು. ಮಾವನವರ ಬಳಿ ಒಂಟಿ ನಳಿಕೆಯ ಬಂದೂಕಿತ್ತು. ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸುವುದಕ್ಕೆ. ಆಯುಧಪೂಜೆಯಂದು ಅದಕ್ಕೆ ಕುಂಕುಮವಿಡುತ್ತಿದ್ದರು, ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ರಸೀದಿ ತರುತ್ತಿದ್ದರು. ಇಪ್ಪತ್ತೊಂದು ತುಂಬದವರಿಗೆ ನಮ್ಮ ಕಾನೂನು ಪರವಾನಗಿಯನ್ನೇ ಕೊಡುವುದಿಲ್ಲ. ಮಗಳಿರುವ ಟೆಕ್ಸಾಸ್‌ನಲ್ಲಿ ಹದಿನೆಂಟು ತುಂಬಿದ ಹುಡುಗನೊಬ್ಬ ಹುಟ್ಟುಹಬ್ಬದ ಬೆನ್ನಿಗೇ ಅಂಗಡಿಯಿಂದ ಎರಡು ರೈಫಲ್ ಕೊಂಡ. 2022ರ ಮೇ 24ರಂದು ಉವಾಲ್ಡೆಯ ಪ್ರಾಥಮಿಕ ಶಾಲೆಯಲ್ಲಿ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದ. ಪೊಲೀಸರು ಅವನನ್ನು ಎದುರಿಸಲು 77 ನಿಮಿಷ ಬೇಕಾಯಿತು. ಅಷ್ಟು ಹೊತ್ತು ಆ ಮಕ್ಕಳು ಸದ್ದಿಲ್ಲದೆ...

ಪುಟ್ಟ ಮಲಗಿದ್ದಾನೆ. ಷೂ ಡಬ್ಬಿ ಬೀರುವಿನ ಮೇಲಿದೆ. ಮುಂದಿನ ವರ್ಷ ರಜೆಗೆ ಬರುವಷ್ಟರಲ್ಲಿ ಅದು ಅವನ ಕಾಲಿಗೆ ಹಿಡಿಯುವುದಿಲ್ಲ. ಎರಡು ಅಳತೆ ದೊಡ್ಡದಕ್ಕೆ ಬದಲಾಯಿಸಿಕೊಂಡು ಬರೋಣವೆಂದರೆ ನಾಳೆ ಭಾನುವಾರ, ಅಂಗಡಿ ತೆರೆದಿರುತ್ತದೆಯೋ ಇಲ್ಲವೋ