ರುದ್ರಪಟ್ಟಣದ ಜಗಲಿಯಲ್ಲಿ ಒಂದು ಮಧ್ಯಾಹ್ನ

ಹಾಸನಕ್ಕೆ ಹೋಗಿದ್ದು ಮೂರು ದಿನಕ್ಕೆ. ಎರಡು ದಿನ ಬೇಲೂರು, ಹಳೇಬೀಡು. ಅವುಗಳ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಹೇಳಬೇಕಿರುವುದು ಮೂರನೇ ದಿನದ ಮಾತು, ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣದ್ದು.

ಕಾವೇರಿ ದಂಡೆಯ ಪುಟ್ಟ ಊರು. ಆದರೆ ಇಲ್ಲಿಂದ ಬಂದ ಸಂಗೀತಗಾರರ ಹೆಸರು ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ಪದ್ಮಭೂಷಣ ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಇಲ್ಲೇ. ಜೋಡಿಯಾಗಿ ಹಾಡಿ ಹೆಸರಾದ ರುದ್ರಪಟ್ಟಣಂ ಸಹೋದರರು, ತ್ಯಾಗರಾಜನ್ ಮತ್ತು ತಾರಾನಾಥನ್, ಊರಿನ ಹೆಸರಲ್ಲೇ ಕಛೇರಿ ಮಾಡಿದವರು. ಹೆಚ್ಚಿನ ಮನೆತನಗಳು ಸಂಕೇತಿ ಬ್ರಾಹ್ಮಣರದ್ದು, ಕಲಿತವರೆಲ್ಲ ಮೈಸೂರು, ಬೆಂಗಳೂರು ಸೇರಿದರು.

ಹೋಗುವವರಿಗೆ ಒಂದು ಮಾತು. ಬಸ್ ಹತ್ತುವ ಮುಂಚೆ "ಊರೊಳಗೆ ಹೋಗುತ್ತಾ" ಅಂತ ಎರಡು ಸಲ ಕೇಳಿ. ನನ್ನನ್ನು ಕಂಡಕ್ಟರ್ ಯಾವುದೋ ತಿರುವಿನಲ್ಲಿ ಇಳಿಸಿ, ಇಲ್ಲೇ ಪಕ್ಕದಲ್ಲಿ ಅಂದುಬಿಟ್ಟರು. ಹೊಗೆಸೊಪ್ಪಿನ ಹೊಲಗಳ ನಡುವೆ ಬಿಸಿಲಲ್ಲಿ ಮುಕ್ಕಾಲು ಗಂಟೆ ನಡೆದೆ, ನೀರೂ ಇರಲಿಲ್ಲ. ಇವತ್ತಿಗೂ ಸಿಟ್ಟು ಹೋಗಿಲ್ಲ.

ವಿದ್ವಾನ್ ಆರ್.ಕೆ. ಪದ್ಮನಾಭ ಅವರು ಮುಂದೆ ನಿಂತು ಕಟ್ಟಿಸಿದ ಸಪ್ತಸ್ವರ ದೇವತಾ ಧ್ಯಾನ ಮಂದಿರ ತಂಬೂರಿ ಆಕಾರದಲ್ಲಿದೆ. ಒಳಗೆ ಸರಸ್ವತಿಯ ಜೊತೆ ಪುರಂದರದಾಸರು, ಕನಕದಾಸರು, ತ್ಯಾಗರಾಜರು ಎಲ್ಲ ಇದ್ದಾರೆ. ಫೋಟೋದಲ್ಲಿ ನೋಡಿದಾಗ ಸ್ವಲ್ಪ ಆಡಂಬರ ಅನ್ನಿಸಿತ್ತು. ಎದುರು ನಿಂತಾಗ ಹಾಗನ್ನಿಸಲಿಲ್ಲ. ವರ್ಷಕ್ಕೊಮ್ಮೆ ಇಲ್ಲಿ ಸಂಗೀತೋತ್ಸವ ನಡೆಯುತ್ತದೆ, ಹೊರಗೆ ಹೋದವರು ಊರಿಗೆ ಬಂದು ಹಾಡುತ್ತಾರೆ.

ಆದರೆ ನಾನು ಹೋದ ದಿನ ಹಾಡು ಕೇಳಿಸಿದ್ದು ಒಂದು ಹೆಂಚಿನ ಮನೆಯ ಜಗಲಿಯಿಂದ. ನೀರು ಕೇಳಲು ನಿಂತೆ. ವಯಸ್ಸಾದ ಅಜ್ಜಿ, ಎದುರಿಗೆ ಹತ್ತು ವರ್ಷದ ಹುಡುಗಿ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ, ಅಂದರೆ ಸಂಗೀತದ ಮೊದಲ ಪಾಠ, ನಡೀತಾ ಇತ್ತು. ಹುಡುಗಿ ತೊಡೆಯ ಮೇಲೆ ಆದಿತಾಳ ಹಾಕುತ್ತಿದ್ದಳು. ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು. ಅಲ್ಲಿಗೆ ಬಂದಾಗಲೆಲ್ಲ ದನಿ ಬೆರಳಿಗಿಂತ ಮುಂದೆ ಓಡುತ್ತಿತ್ತು. ಅಜ್ಜಿ ಬೈಯಲಿಲ್ಲ. ಅವಳ ಬೆರಳನ್ನೇ ಹಿಡಿದು ಮತ್ತೆ ಮೊದಲಿಂದ ಶುರು ಮಾಡಿಸಿದರು.

"ನಿಮ್ಮ ಮೊಮ್ಮಗಳಾ ಅಜ್ಜಿ?" ಅಂತ ಕೇಳಿದೆ.

"ಅಲ್ಲ ಕಣಪ್ಪ. ಇವಳ ಅಪ್ಪ ಕೂಲಿಗೆ ಬರ್ತಾನೆ. ಇವಳು ದಿನಾ ಹೊರಗೆ ನಿಂತು ಕೇಳ್ತಿದ್ಲು. ಒಳಗೆ ಬಾ ಅಂದೆ."

"ಫೀಸು?"

ಅಜ್ಜಿ ನನ್ನ ಮುಖ ನೋಡಿದರು. "ನಮ್ಮ ಮಾವನೋರು ನಂಗೆ ಹೇಳ್ಕೊಟ್ಟಾಗ ದುಡ್ಡು ತಗೊಂಡ್ರಾ? ಮನೆ ಮಕ್ಕಳೆಲ್ಲ ಬೆಂಗಳೂರಲ್ಲಿ. ಕೇಳೋಕೆ ಯಾರಿದ್ದಾರೆ ಹೇಳು. ಇವಳು ಬರ್ತಾಳಲ್ಲ, ಅದೇ ಸಾಕು."

ಆಮೇಲೆ ಒಳಗಿದ್ದ ಯಜಮಾನರಿಗೆ ಸಂಕೇತಿ ಭಾಷೆಯಲ್ಲಿ ಏನೋ ಹೇಳಿದರು. ಅವರು ಒಂದು ಲೋಟ ಮಜ್ಜಿಗೆ ತಂದುಕೊಟ್ಟರು, ಇಂಗು, ಕರಿಬೇವು ಹಾಕಿದ್ದು. ಅಷ್ಟು ರುಚಿಯಾದ ಮಜ್ಜಿಗೆ ನಾನು ಎಲ್ಲೂ ಕುಡಿದಿಲ್ಲ.

ಹತ್ತಿರದ ರಾಮನಾಥಪುರದ ದೇವಸ್ಥಾನಗಳಿಗೂ ಹೋಗಬೇಕು ಅಂದುಕೊಂಡಿದ್ದೆ, ಏಳೋಕೆ ಮನಸ್ಸೇ ಬರಲಿಲ್ಲ. ನಾಲ್ಕು ಗಂಟೆ ಹೊತ್ತಿಗೆ ಹುಡುಗಿಯ ಉಂಗುರಬೆರಳೂ ದನಿಯೂ ಒಟ್ಟಿಗೆ ಕೂತವು. ಅಜ್ಜಿ ಏನೂ ಹೇಳಲಿಲ್ಲ, ಸುಮ್ನೆ ಎರಡನೇ ವರಸೆ ಎತ್ತಿಕೊಟ್ಟರು.